ಲೋಕ ಮುಳುಗಿಸುವ ಮುಂಚೆ ಊಟ ಕೇಳುವ ವಿಮಲಾಬಾಯಿ

ಬೆಳಗಿನ ಐದೂಮುಕ್ಕಾಲು ಗಂಟೆ. ಕಲಬುರಗಿ ಪಕ್ಕದ ನಂದೂರಿನ ಬೇಳೆ ಮಿಲ್ಲುಗಳು ಇನ್ನೂ ಸದ್ದು ಮಾಡಿಲ್ಲ. ಗೇಟಿನ ಬಳಿ ಎರಡು ಲಾರಿ, ಲಾರಿಯ ಕೆಳಗೊಂದು ನಾಯಿ, ಅಷ್ಟೇ. ಅಷ್ಟರಲ್ಲಿ ಒಂದು ಮಿಲ್ಲಿನ ಹಿಂದಿರುವ ಹಳೆಯ ಗೋದಾಮಿನೊಳಗಿಂದ ಯಾರೋ ಗುಡುಗುತ್ತಾರೆ: “ಇನ್ನ ಹತ್ತೇ ಹತ್ತು ನಿಮಿಷ! ಸೂರ್ಯಗ ಕೀಲಿ ಹಾಕಿ, ಕೀಲಿಕೈ ನನ್ನ ಕಿಸೆದಾಗ ಇಟ್ಕೋತೀನಿ! ಆಮ್ಯಾಲ ನೋಡ್ತೀನಿ, ಯಾವಾಂವ ಮುಂಜಾನಿ ಎದ್ದು ಕೆಲಸಕ್ಕ ಹೋಗ್ತಾನ!”

ಹಿಂದೆಯೇ ಒಂದು ನಗು. ಕೆಳಗಿನ ಸ್ವರದಲ್ಲಿ ಶುರುವಾಗಿ, ಮೇಲೇರಿ, ಮಧ್ಯೆ ಒಂದು ಕ್ಷಣ ಉಸಿರಿಗೆ ನಿಂತು, ಮತ್ತೆ ಮೊದಲಿಗಿಂತ ಜೋರಾಗಿ ಬೀಳುವ ನಗು. ಲಾರಿಯ ಕೆಳಗಿನ ನಾಯಿ ಎದ್ದು ಜಾಗ ಬದಲಿಸುತ್ತದೆ. ಬೀದರ ಕಡೆಯಿಂದ ಬಂದ ಹೊಸ ಡ್ರೈವರನೊಬ್ಬ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಗೋದಾಮಿನ ಬಾಗಿಲಿಗೆ ಬಂದು ಇಣುಕುತ್ತಾನೆ. ಒಳಗೆ ಅವನು ಅಂದುಕೊಂಡ ರಾಕ್ಷಸನಿಲ್ಲ. ಇಳಕಲ್ ಸೀರೆಯ ಸೆರಗನ್ನು ತಲೆ ಮೇಲೆ ಹೊದ್ದ, ದಪ್ಪ ಕನ್ನಡಕದ, ಐವತ್ತಾರು ವರ್ಷದ ಕುಳ್ಳ ಹೆಂಗಸೊಬ್ಬರು ಚಾಪೆಯ ಮೇಲೆ ಕುಳಿತಿದ್ದಾರೆ. ತೊಡೆಯ ಮೇಲೆ ಮೊರ, ಮೊರದಲ್ಲಿ ತೊಗರಿಬೇಳೆ, ಮೂಗಿನ ಮುಂದೆ ಮೈಕು. ಅವರು ಡ್ರೈವರನನ್ನು ನೋಡಿ ಅದೇ ದನಿಯಲ್ಲಿ, “ಚಾ ಆತೇನ್ರಿ ನಿಮ್ದು?” ಎಂದು ಕೇಳುತ್ತಾರೆ. ಡ್ರೈವರ ಬ್ರಷ್ ಕೈಗೆ ತೆಗೆದುಕೊಂಡು, “ಆತ್ರಿ” ಎಂದು ಹಿಂದೆ ಸರಿಯುತ್ತಾನೆ.

ಇವರು ಮಹಾಗಾಂವದ ವಿಮಲಾಬಾಯಿ. ಮೂವತ್ತೊಂದು ವರ್ಷದಿಂದ ಈ ಮಿಲ್ಲಿನಲ್ಲಿ ಬೇಳೆ ಆರಿಸುವ ಕೆಲಸ. ಮೂರು ವರ್ಷದಿಂದ, ಮಿಲ್ಲು ಶುರುವಾಗುವ ಮೊದಲಿನ ಎರಡು ತಾಸು, ಲೋಕ ನಾಶ ಮಾಡುವ ಕೆಲಸ.

ಮೊಬೈಲಿನಲ್ಲಿ ಮಕ್ಕಳಿಂದ ಮುದುಕರವರೆಗೆ ನೋಡುವ ‘ಖಳರ ಖಾನಾವಳಿ’ ಎಂಬ ಕಾರ್ಟೂನು ಹುಟ್ಟುವುದು ಈ ಗೋದಾಮಿನಲ್ಲಿ. ಕತೆ ಇಷ್ಟೇ: ಕಾಮಿಕ್ ಪುಸ್ತಕಗಳು ಒಂದೊಂದಾಗಿ ನಿಂತುಹೋದ ಮೇಲೆ, ಅವುಗಳೊಳಗಿದ್ದ ನಾಲ್ವರು ಖಳನಾಯಕರು ಕೆಲಸವಿಲ್ಲದೆ ಕಲಬುರಗಿಗೆ ಬರುತ್ತಾರೆ. ಅಲ್ಲಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ಖಾನಾವಳಿ ತೆರೆಯುತ್ತಾರೆ. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಬಡಿಸುವುದು. ಉಳಿದ ಹೊತ್ತು ಲೋಕ ಮುಳುಗಿಸುವ ಸಂಚು ಹೂಡುವುದು. ನಾಲ್ವರಲ್ಲಿ ಹಿರಿಯ ಮಹಾಕಂಟಕ. ಆರಡಿ ಎತ್ತರ, ನೆಲ ಗುಡಿಸುವ ಕರಿ ಮೇಲಂಗಿ, ಕೈಯಲ್ಲಿ ಸದಾ ಒಂದು ಸೌಟು. ಅವನ ಗಂಟಲೇ ವಿಮಲಾಬಾಯಿ.

ಇದನ್ನು ಮಾಡುವವರು ಕಲಬುರಗಿಯ ಅಣ್ಣ ತಂಗಿ. ಅಣ್ಣ ಜೀಶಾನ್ ಚಿತ್ರ ಬರೆಯುತ್ತಾನೆ. ಮೊದಲು ಮದುವೆ ಕಾರ್ಡು, ಬ್ಯಾನರು ಮಾಡುತ್ತಿದ್ದವನು. ತಂಗಿ ಮದಿಹಾ ಕತೆ, ಮಾತು ಬರೆದು ಎಲ್ಲರನ್ನೂ ಬೈದು ಕೆಲಸ ತೆಗೆಯುತ್ತಾಳೆ. ಮಿಲ್ಲಿನ ಮಾಲೀಕರು ಅವರ ತಂದೆಯ ಸ್ನೇಹಿತರು. ಗೋದಾಮು ಬಿಟ್ಟುಕೊಡುವಾಗ ಒಂದೇ ಮಾತು ಹೇಳಿದ್ದರಂತೆ, ಎಂಟು ಗಂಟೆಗೆ ಮಷೀನು ಚಾಲೂ ಆಗುತ್ತದೆ, ಆಮೇಲೆ ನಿಮ್ಮ ದೇವರೇ ನಿಮಗೆ ಗತಿ ಎಂದು. ಅದು ಸುಳ್ಳಲ್ಲ. ಮಷೀನು ತಿರುಗಿದರೆ ಗೋಡೆ ನಡುಗುತ್ತದೆ. ಗೋಡೆಗೆ ನಾಲ್ಕು ಪದರ ಗೋಣಿಚೀಲ ಹೊಡೆದರೂ ಅದನ್ನು ತಡೆಯಲಾಗಿಲ್ಲ. ಹಾಗಾಗಿ ಖಳರ ಸಂಚೆಲ್ಲ ನಸುಕಿನಲ್ಲೇ ಮುಗಿಯಬೇಕು.

ವಿಮಲಾಬಾಯಿಯನ್ನು ಯಾರೂ ಹುಡುಕಿಕೊಂಡು ಹೋಗಿರಲಿಲ್ಲ. ಮಹಾಕಂಟಕನ ಪಾತ್ರಕ್ಕೆ ಮೊದಲು ನಾಲ್ವರು ಗಂಡಸರು ಬಂದು ನಕ್ಕು ಹೋಗಿದ್ದರು. ನಾಲ್ವರೂ ಒಂದೇ ನಗು. ಯಾವುದೋ ಸಿನಿಮಾದಲ್ಲಿ ಕೇಳಿದ್ದು. ಐದನೆಯವರು ನಗುತ್ತಿದ್ದಾಗ ಹೊರಗೆ ಒಣಹಾಕಿದ್ದ ಬೇಳೆಗೆ ಆಡೊಂದು ಬಾಯಿ ಹಾಕಿತು. ಬೇಗ ಬಂದು ಗುಡಿಸುತ್ತಿದ್ದ ವಿಮಲಾಬಾಯಿ ಅದನ್ನು ಅಟ್ಟಿಸಿಕೊಂಡು ಹೋದರು. ಮನೆಗೆ ಹೋಗಿ ಜೀಶಾನ್ ದಾಖಲಾದದ್ದನ್ನು ಕೇಳಿಸಿಕೊಂಡರೆ, ನಟನ ದನಿಯ ಮೇಲೆ ಗೋಣಿಚೀಲ, ಗೋಡೆ ಎರಡನ್ನೂ ದಾಟಿ ಬಂದ ಇನ್ನೊಂದು ದನಿ ಕೂತಿತ್ತು: “ಎಲ್ಲಿಗಿ ಓಡ್ತಿ? ನಿನ್ನ ಹೆಜ್ಜಿ ಹೆಜ್ಜಿನೂ ನನಗ ಗೊತ್ತದ!”

“ಆ ನಟರಿಗೆ ನಮಸ್ಕಾರ ಹೇಳಿ ಕಳಿಸಿದ್ವಿ. ಆಡಿಗೂ ನಮಸ್ಕಾರ ಹೇಳಬೇಕಾಗಿತ್ತು, ಅದು ಸಿಗಲಿಲ್ಲ” ಎನ್ನುತ್ತಾಳೆ ಮದಿಹಾ.

ಆ ದನಿ ಎಲ್ಲಿಂದ ಬಂತು ಎಂದು ಕೇಳಿದರೆ ವಿಮಲಾಬಾಯಿ ಮಿಲ್ಲಿನ ಕಡೆ ಕೈ ತೋರಿಸುತ್ತಾರೆ. “ನಾ ಬರೂ ಮುಂದ ಹಿಂಗ ಇರಲಿಲ್ರಿ ನನ್ನ ದನಿ. ಮಷೀನಿನ ಗದ್ದಲದಾಗ ಬಾಜೂಕ ಕುಂತಾಕಿಗಿ ನೀರ ಕೊಡು ಅನ್ನಬೇಕಂದ್ರೂ ಒದರಬೇಕು. ಮೂವತ್ತ ವರ್ಷ ಒದರಿ ಒದರಿ ಗಂಟಲ ಹಿಂಗಾತು. ನಮ್ಮ ಮನಿಯವರು ಒಮ್ಮಿ ಅಂದ್ರು, ನೀ ಮೆಲ್ಲಕ ಮಾತಾಡಿದ್ರ ಓಣಿ ತನಕ ಕೇಳ್ತದ, ಜೋರ ಮಾತಾಡಿದ್ರ ಕಮಲಾಪುರದ ತನಕ ಕೇಳ್ತದ ಅಂತ. ಅವರು ವರ್ಷಕ್ಕ ಒಮ್ಮಿ ಮಾತಾಡ್ತಾರ. ಆಡಿದ್ರ ಹಿಂತಾವೇ ಆಡ್ತಾರ.” ಮನೆಯವರು ಅಂದರೆ ಗಂಡ ಅಣವೀರಪ್ಪ. ಊರಲ್ಲಿ ಎರಡು ಎಮ್ಮೆ, ಒಂದಿಷ್ಟು ಜೋಳದ ಹೊಲ ನೋಡಿಕೊಂಡಿದ್ದಾರೆ. ಮಾತಿನ ಕೆಲಸವನ್ನೆಲ್ಲ ಹೆಂಡತಿಗೆ ವಹಿಸಿಕೊಟ್ಟು ನೆಮ್ಮದಿಯಾಗಿದ್ದಾರೆ.

ವಿಮಲಾಬಾಯಿ ನಾಲ್ಕು ಗಂಟೆಗೆ ಮುಂಚೆ ಏಳುತ್ತಾರೆ. ಹನ್ನೆರಡು ರೊಟ್ಟಿ ಬಡಿಯುತ್ತಾರೆ. ಮನೆಗೆ ಆರು, ಬುತ್ತಿಗೆ ಆರು. ಐದರ ಸುಮಾರಿಗೆ ಹಾಲು, ತರಕಾರಿ ಹೊತ್ತ ಟೆಂಪೊ ಮಹಾಗಾಂವದಿಂದ ಹೊರಡುತ್ತದೆ. ಮುಂದಿನ ಸೀಟಿನ ಕಿಟಕಿ ಪಕ್ಕದ ಜಾಗ ಅವರದು. ಗೋದಾಮಿಗೆ ಬಂದರೆ ದಿನಕ್ಕೆ ಐವತ್ತು ಅರವತ್ತು ಮಾತು. ಒಂದೊಂದನ್ನೂ ಮದಿಹಾ ಓದಿ ಹೇಳುತ್ತಾಳೆ, ಇವರು ಕಣ್ಣು ಮುಚ್ಚಿ ಕೇಳುತ್ತಾರೆ, ಎರಡನೆಯ ಸಲಕ್ಕೆ ಬಾಯಿಪಾಠ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರಾದರೂ ನಲವತ್ತೊಂಬತ್ತು ಕಂತುಗಳ ಮಾತು ತಲೆಯಲ್ಲಿವೆ. ನಗುವಿನಲ್ಲೇ ಹದಿನೆಂಟು ಬಗೆಯಿದೆಯಂತೆ. ಸಂಚು ಹೊಳೆದಾಗಿನದು ಬೇರೆ, ಸಂಚು ಕೆಟ್ಟಾಗ ಮರ್ಯಾದೆ ಉಳಿಸಿಕೊಳ್ಳಲು ನಗುವುದು ಬೇರೆ. ಎಂಟಕ್ಕೆ ಐದು ನಿಮಿಷವಿದೆ ಅನ್ನುವಾಗ ಬಿಸಿನೀರಿಗೆ ಅಜವಾನ, ಬೆಲ್ಲ ಹಾಕಿ ಕುಡಿದು, ಕೆಲಸದ ಕೊಠಡಿಗೆ ಹೋಗುತ್ತಾರೆ. ಅಲ್ಲಿ ಸಂಜೆ ಐದರವರೆಗೆ ಬೇಳೆ.

ಆ ಕೊಠಡಿಯಲ್ಲಿ ಹಿಂದೆ ನಲವತ್ತು ಹೆಂಗಸರಿದ್ದರು. ಬಣ್ಣ ನೋಡಿ ಕಾಳು ಬೇರೆ ಮಾಡುವ ಮಷೀನು ಬಂದ ಮೇಲೆ ಹನ್ನೊಂದು ಜನ ಉಳಿದಿದ್ದಾರೆ. ಮಷೀನಿನ ಕಣ್ಣಿಗೆ ಬೀಳದ ಹರಳು, ಬೇಳೆಯದೇ ಬಣ್ಣದ ಮಣ್ಣುಂಡೆ ಇವರ ಪಾಲು. “ಮಷೀನು ಶಾಣ್ಯಾ ಅದರಿ. ಆದ್ರ ಅದಕ್ಕ ಬೆರಳಿಲ್ಲ” ಎಂದು ವಿಮಲಾಬಾಯಿ ಕೈ ಚಾಚುತ್ತಾರೆ. ಹೆಬ್ಬೆರಳು, ತೋರುಬೆರಳುಗಳ ತುದಿ ಸವೆದು ನುಣ್ಣಗಾಗಿವೆ. ಬಿಟ್ಟುಹೋದ ಇಪ್ಪತ್ತೊಂಬತ್ತು ಜನರ ಹೆಸರು ಕೇಳಿದರೆ ತಡವರಿಸದೆ ಹೇಳುತ್ತಾರೆ.

ಈ ಬೆರಳುಗಳದ್ದೇ ಒಂದು ಕತೆಯಿದೆ. ಮೊದಲ ದಿನ ಮೈಕಿನ ಮುಂದೆ ನಿಲ್ಲಿಸಿದಾಗ ವಿಮಲಾಬಾಯಿಗೆ ದನಿಯೇ ಹೊರಡಲಿಲ್ಲ. ಮದಿಹಾ ಧೈರ್ಯ ಹೇಳಿದಳು, ನೀರು ಕೊಟ್ಟಳು, ಆ ಆಡನ್ನು ನೆನೆಸಿಕೊಳ್ಳಲು ಹೇಳಿದಳು. ಏನೂ ಆಗಲಿಲ್ಲ. ಕೊನೆಗೆ ಇವರೇ, “ಬೇಟಾ, ಕೈ ಖಾಲಿ ಇದ್ರ ನನಗ ಮಾತ ಬರಂಗಿಲ್ಲ” ಎಂದು ಮೊರ ತರಿಸಿಕೊಂಡರು. ಬೆರಳು ಬೇಳೆಯೊಳಗೆ ಆಡತೊಡಗಿದ ಕೂಡಲೇ ಮಹಾಕಂಟಕ ಬಾಯಿ ಬಿಟ್ಟ. ಮೊರದ ಸರಸರ ಸದ್ದೂ ಮೈಕಿನೊಳಗೆ ಹೋಯಿತು. ಮೊರಕ್ಕೆ ಬಟ್ಟೆ ಹಾಸಿ ನೋಡಿದರು, ಬೇಳೆಯ ಬದಲು ಹತ್ತಿ ಕೊಟ್ಟು ನೋಡಿದರು. ಹತ್ತಿ ಕೊಟ್ಟಾಗ ಮಹಾಕಂಟಕನ ದನಿ ಮೆತ್ತಗಾಯಿತಂತೆ. ಬೇರೆ ದಾರಿ ಕಾಣದೆ ಜೀಶಾನ್ ಆ ಸದ್ದಿಗೆ ಸರಿಯಾಗಿ ನೆಲದ ಮೇಲೆ ಎಳೆದಾಡುವ ಉದ್ದನೆಯ ಮೇಲಂಗಿ ಬರೆದ. ಮಹಾಕಂಟಕನ ಆ ಕರಿ ಮೇಲಂಗಿಗೆ ಹೆದರುವ ಮಕ್ಕಳು ನಿಜಕ್ಕೂ ಹೆದರುತ್ತಿರುವುದು ಒಂದೂವರೆ ಸೇರು ತೊಗರಿಬೇಳೆಗೆ.

ಗಂಟಲು ಕೊಟ್ಟು ಸುಮ್ಮನಿರುವ ಪೈಕಿಯಲ್ಲ ವಿಮಲಾಬಾಯಿ. ಪ್ರಶ್ನೆ ಕೇಳುತ್ತಾರೆ. ಮಹಾಕಂಟಕ ಕೊಲ್ಲುವವನಾದರೆ ಕೊಲ್ಲಬೇಕು, ಅದು ಬಿಟ್ಟು ನಾಯಕ ಗಗನವೀರನನ್ನು ಕಂಬಕ್ಕೆ ಕಟ್ಟಿ ಅವನ ಮುಂದೆ ತನ್ನ ಸಂಚನ್ನೆಲ್ಲ ಯಾಕೆ ಒದರುತ್ತಾನೆ? ಬಾಂಬಿನ ಗಡಿಯಾರ ಪ್ರತಿಸಲವೂ ಇನ್ನೊಂದೇ ಸೆಕೆಂಡಿದೆ ಅನ್ನುವಾಗಲೇ ಯಾಕೆ ನಿಲ್ಲಬೇಕು? ಇಪ್ಪತ್ತು ಜನ ಚೇಲಾಗಳು ಗುಂಡು ಹಾರಿಸಿದರೂ ಒಬ್ಬನದೂ ಯಾಕೆ ತಾಗುವುದಿಲ್ಲ? “ಅದು ಕಾಮಿಕ್ ಪದ್ಧತಿ ಮೌಶಿ, ಎಲ್ಲಾ ದೇಶದಾಗೂ ಖಳರು ಹಂಗೇ” ಎಂದು ಮದಿಹಾ ಹೇಳಿದರೆ ಇವರಿಗೆ ಸಮಾಧಾನವಿಲ್ಲ. ಪದ್ಧತಿ ಅಂದ ಮೇಲೆ ಅದಕ್ಕೊಂದು ಕಾರಣ ಇರಲೇಬೇಕು ಎನ್ನುವುದು ಇವರ ವಾದ. ಟೆಂಪೊದಲ್ಲಿ ಯೋಚಿಸಿ ಮರುದಿನ ಕಾರಣ ತರುತ್ತಾರೆ.

ಸಂಚು ಒದರುವುದಕ್ಕೆ ಕಾರಣ: “ಪಾಪ, ಅಂವಗ ಮನ್ಯಾಗ ಕೇಳವ್ರು ಯಾರೂ ಇಲ್ರಿ. ವರ್ಷಾನುಗಟ್ಟಲೆ ಕುಂತು ಮಾಡಿದ ಕೆಲಸ, ಯಾರಿಗರೆ ಹೇಳಬೇಕಲ್ಲ. ಕಟ್ಟಿ ಹಾಕಿದಾಂವ ಎದ್ದು ಹೋಗಂಗಿಲ್ಲ, ಪೂರಾ ಕೇಳ್ತಾನ.” ಚೇಲಾಗಳ ಗುರಿ ತಪ್ಪುವುದಕ್ಕೆ ಕಾರಣ: ಅವರು ಸಹ ಅದೇ ಖಾನಾವಳಿಯಲ್ಲಿ ಪಾತ್ರೆ ತಿಕ್ಕುವವರು, ಕೈ ಇನ್ನೂ ಒದ್ದೆ. ಮದಿಹಾ ಇವನ್ನೆಲ್ಲ ಹಾಗೆಯೇ ಕತೆಗೆ ಸೇರಿಸುತ್ತ ಹೋದಳು. ನೋಡುವವರು ನಕ್ಕದ್ದು ಇವಕ್ಕೇ.

ಕೆಂಪು ಗುಂಡಿಯ ವಿಷಯಕ್ಕೆ ಮಾತ್ರ ವಿಮಲಾಬಾಯಿ ಕಾರಣ ಕೇಳಲಿಲ್ಲ. ಮಹಾಕಂಟಕನ ಅಡುಗೆಮನೆಯಲ್ಲಿ, ಹಿಟ್ಟಿನ ಡಬ್ಬಿಯ ಹಿಂದೆ, ಒತ್ತಿದರೆ ಲೋಕವೇ ಮುಗಿಯುವ ಒಂದು ಕೆಂಪು ಗುಂಡಿಯಿದೆ. ಪ್ರತಿ ಕಂತಿನಲ್ಲೂ ಅವನ ಬೆರಳು ಅದರ ಹತ್ತಿರ ಹೋಗುತ್ತದೆ, ಅಷ್ಟರಲ್ಲಿ ಯಾರೋ ಊಟಕ್ಕೆ ಬರುತ್ತಾರೆ. “ಅದು ನನಗ ತಿಳೀತದ್ರಿ. ನಮ್ಮ ಮಿಲ್ಲಿನಾಗೂ ಕೆಂಪು ಗುಂಡಿ ಅದ, ಎಲ್ಲಾ ಮಷೀನು ಒಮ್ಮೆಲೆ ಬಂದ ಮಾಡೋದು. ನಾ ಕುಂದ್ರೂ ಜಾಗಾದಿಂದ ನಾಲ್ಕ ಮಾರು ದೂರ. ಮೂವತ್ತೊಂದ ವರ್ಷ ಅದರ ಮಾರಿನೇ ನೋಡಾಕತ್ತೀನಿ. ಒಂದ್ಸಲನೂ ಒತ್ತಿಲ್ಲ. ಖರೆ ಹೇಳ್ಲೇನ್ರಿ? ದಿನಾ ಒತ್ತಬೇಕನಸ್ತದ” ಎಂದು ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಾರೆ.

ಆದರೆ ಈ ಕಾರ್ಟೂನನ್ನು ಮನೆಮನೆಗೆ ಮುಟ್ಟಿಸಿದ್ದು ಒಂದು ತಪ್ಪು. ಅದು ಮೂರನೇ ಕಂತು. ಗಗನವೀರ, ಅಂದರೆ ಲೋಕ ಕಾಯುವ ನಾಯಕನ ದನಿ ಕರೀಂಸಾಬರದು. ಅವರು ಇದೇ ಮಿಲ್ಲಿನ ರಾತ್ರಿ ಕಾವಲುಗಾರರು, ಅರವತ್ತೆಂಟು ವರ್ಷ. ಬೆಳಗ್ಗೆ ಪಾಳಿ ಮುಗಿಸಿ ನೇರವಾಗಿ ಗೋದಾಮಿಗೆ ಬಂದು ಲೋಕ ಕಾಪಾಡಿ ಮನೆಗೆ ಹೋಗುತ್ತಾರೆ. ಆ ದಿನ ಗಗನವೀರನನ್ನು ಕಂಬಕ್ಕೆ ಕಟ್ಟಿದ ದೃಶ್ಯ. “ನನ್ನ ಬಿಡು ದುಷ್ಟಾ, ನಿನ್ನ ಪಾಪದ ಕೊಡ ತುಂಬೇದ!” ಎಂದು ಕರೀಂಸಾಬರು ಅಬ್ಬರಿಸಬೇಕಿತ್ತು. ದನಿ ನಡುವೆ ಸೋತು ಬಂತು. ಪ್ರತಿಯಾಗಿ ಗುಡುಗಲು ಬಾಯಿ ತೆರೆದಿದ್ದ ವಿಮಲಾಬಾಯಿ ಅರ್ಧಕ್ಕೆ ನಿಲ್ಲಿಸಿ, ಗಂಟಲು ಇನ್ನೂ ಮಹಾಕಂಟಕನದಾಗಿರುವಾಗಲೇ ಕೇಳಿಬಿಟ್ಟರು: “ಯಾಕ? ಉಂಡಿಲ್ಲೇನು?”

“ಇಲ್ಲ ಬಾಯೀ, ರಾತ್ರಿ ಡಬ್ಬಿ ಮನ್ಯಾಗೇ ಬಿಟ್ಟ ಬಂದೆ” ಎಂದರು ಕರೀಂಸಾಬರು, ಗಗನವೀರನ ದನಿಯಲ್ಲೇ.

ಮಹಾಕಂಟಕ ತನ್ನ ಬುತ್ತಿ ಬಿಚ್ಚಿದ. ರೊಟ್ಟಿ ಮುರಿದ ಸದ್ದು, ಶೇಂಗಾ ಹಿಂಡಿಯ ಡಬ್ಬಿ ತೆರೆದ ಸದ್ದು, “ಮೊಸರ ಹಾಕ್ಲೇನು, ಖಾರ ಆಗ್ತದ” ಎಂಬ ಖಳನ ಗುಡುಗು, ಎಲ್ಲವೂ ದಾಖಲಾಯಿತು. ನಮ್ಮ ಕಡೆ ಬಾಗಿಲಿಗೆ ಬಂದವರನ್ನು, ಅವರು ಜಗಳಕ್ಕೇ ಬಂದಿರಲಿ, ಊಟ ಕೇಳದೆ ಮಾತಿಗೆ ಇಳಿಯುವುದುಂಟೇ? ಆ ರಾತ್ರಿಯೇ ಮದಿಹಾ ಕತೆ ತಿದ್ದಿದಳು. ಮಹಾಕಂಟಕ ಉಣ್ಣಲಿ ಎಂದು ಗಗನವೀರನ ಬಲಗೈ ಬಿಚ್ಚುತ್ತಾನೆ. ಗಗನವೀರ ಹೊಟ್ಟೆ ತುಂಬ ಉಂಡು, ಅದೇ ಕೈಯಿಂದ ಹಗ್ಗ ಬಿಚ್ಚಿಕೊಂಡು ಮುಷ್ಟಿ ಎತ್ತುತ್ತಾನೆ. “ಉಂಡ ಕೈಲೇ ಹೊಡೀತೀಯೇನೋ!” ಎಂದು ಮಹಾಕಂಟಕ ಕೂಗಿದರೆ, ಗಗನವೀರ ನಾಚಿಕೊಂಡು, “ತಡಿ, ಕೈ ತೊಳಕೊಂಡ ಬರ್ತೀನಿ” ಎಂದು ಹೋಗಿ ತೊಳೆದುಕೊಂಡು ಬಂದು ಹೊಡೆಯುತ್ತಾನೆ. ಖಳ ನಾಯಕನನ್ನು ಕೂಡಲೇ ಯಾಕೆ ಮುಗಿಸುವುದಿಲ್ಲ ಎಂಬ ಹಳೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಕ್ಕೀತೇ ಹೇಳಿ.

ಅಲ್ಲಿಂದ ಮುಂದೆ ಆ ಪ್ರಶ್ನೆಯಿಲ್ಲದ ಕಂತಿಲ್ಲ. ತಟ್ಟೆ ಹಿಡಿದು ಮಕ್ಕಳ ಹಿಂದೆ ಓಡುತ್ತಿದ್ದ ತಾಯಂದಿರು ಈಗ ಮೊಬೈಲಿನಲ್ಲಿ ಆ ಒಂದು ಮಾತು ಹಚ್ಚಿ ಕೂರುತ್ತಾರೆ. ಮಹಾಕಂಟಕ ಕೇಳಿದ ಎಂದರೆ ಮಕ್ಕಳು ಬಾಯಿ ತೆರೆಯುತ್ತವೆ. ವಿಮಲಾಬಾಯಿಗೆ ಎಲ್ಲಕ್ಕಿಂತ ಸಂತೋಷ ಕೊಟ್ಟ ಸುದ್ದಿ ಇದೇ. “ಖಳನ ದನಿ ಕೇಳಿ ಕೂಸುಗೋಳು ಅಂಜಬಾರದ್ರಿ. ಹಸಿವಿ ಆಗಬೇಕು” ಎನ್ನುತ್ತಾರೆ.

ಆದರೂ ಆ ದನಿ ಯಾರದೆಂದು ತಿಳಿದವರು ಗೋದಾಮಿನ ಹೊರಗೆ ಬೆರಳೆಣಿಕೆಯಷ್ಟು ಜನ. ಹೆಸರುಗಳು ಕೊನೆಗೆ ಸರ್ರನೆ ಓಡುತ್ತವೆ, ಯಾರೂ ಓದುವುದಿಲ್ಲ. ಒಮ್ಮೆ ಟೆಂಪೊದಲ್ಲಿ ಪಕ್ಕದ ಸೀಟಿನ ಹಾಲಿನವನು ಜೋರಾಗಿ ‘ಖಳರ ಖಾನಾವಳಿ’ ಹಚ್ಚಿಕೊಂಡು ಕೂತಿದ್ದ. ನಿದ್ದೆಗಣ್ಣಲ್ಲಿದ್ದ ವಿಮಲಾಬಾಯಿ, “ಏನಪ್ಪಾ ಅದರ ಗದ್ದಲ, ಸಣ್ಣ ಮಾಡು” ಎಂದು ಗದರಿ, ಆಮೇಲೆ ಗದ್ದಲ ಯಾರದೆಂದು ತಿಳಿದು ಊರು ದಾಟುವವರೆಗೆ ಕಿಟಕಿಯ ಕಡೆ ಮುಖ ಮಾಡಿ ನಕ್ಕರಂತೆ. ಅವನಿಗೆ ಮಾತ್ರ ಹೇಳಲಿಲ್ಲ.

ಹೀಗೆ ಎಲೆಮರೆಯಲ್ಲೇ ನಡೆಯುತ್ತಿದ್ದ ಕೆಲಸಕ್ಕೆ ಈ ವರ್ಷದ ಆರಂಭದಲ್ಲಿ ಕಂಟಕ ಬಂತು. ಬೆಂಗಳೂರಿನ ಮಕ್ಕಳ ವಾಹಿನಿಯೊಂದು ‘ಖಳರ ಖಾನಾವಳಿ’ಯನ್ನು ಟೀವಿಗೆ ತೆಗೆದುಕೊಳ್ಳುವುದಾಗಿ ಹೇಳಿತು. ಅಣ್ಣ ತಂಗಿ ಕುಣಿದಾಡಿದರು. ವಾಹಿನಿಯ ಕಡೆಯಿಂದ ಶೀಲಾ ಎಂಬ ಮೇಲ್ವಿಚಾರಕಿ ಬಂದರು. ಒಳ್ಳೆಯ ಹೆಂಗಸು, ಸಮಾಧಾನದ ಮಾತು. ಅವರು ಎರಡು ಬದಲಾವಣೆ ಕೇಳಿದರು. ಊಟದ ಭಾಗದಿಂದ ಕತೆ ನಿಧಾನವಾಗುತ್ತದೆ, ಅದನ್ನು ತೆಗೆಯಬೇಕು. ಮಹಾಕಂಟಕನಿಗೆ ಹೆಸರಾಂತ ನಟನೊಬ್ಬನ ಗಂಡುದನಿ ಹಾಕಬೇಕು. ಮೊದಲು ಒಂದು ಕಂತನ್ನು ಹಾಗೆ ಮಾಡಿ ಮಕ್ಕಳಿಗೆ ತೋರಿಸೋಣ, ಅವರಿಗೆ ಹಿಡಿಸಿದರೆ ಹಾಗೆಯೇ ಮುಂದುವರಿಯೋಣ ಎಂದರು.

ಈ ಸುದ್ದಿಯನ್ನು ವಿಮಲಾಬಾಯಿಗೆ ಹೇಳುವ ಹೊಣೆ ಮದಿಹಾಳ ಮೇಲೆ ಬಿತ್ತು. ಅವಳು ಹೇಳುತ್ತ ಹೇಳುತ್ತ ಅತ್ತಳು. ವಿಮಲಾಬಾಯಿ ಅಳಲಿಲ್ಲ. “ಆಗವಲ್ದ್ಯಾಕ ಬೇಟಾ. ನಿಮ್ಮ ಕೆಲಸ ದೊಡ್ಡದಾಗಲಿ” ಎಂದು ಮೊರ ಎತ್ತಿಕೊಂಡು ಮಿಲ್ಲಿಗೆ ಹೋದರು. ಆ ಸಂಜೆ ಅವರು ಆರಿಸಿದ ಚೀಲದಲ್ಲಿ ಹರಳು ಸಿಕ್ಕಿತು. ಒಂದಲ್ಲ, ಮೂರು. ಮೂವತ್ತೊಂದು ವರ್ಷದಲ್ಲಿ ಇದೇ ಮೊದಲು. ಕೆಲಸದವರನ್ನು ನೋಡಿಕೊಳ್ಳುವ ಮುಕಾದಮ ಬೈಯಲಿಲ್ಲ, ಚೀಲವನ್ನು ಸುಮ್ಮನೆ ವಾಪಸು ತಂದಿಟ್ಟು, ಮೈಗೆ ಹುಷಾರಿಲ್ಲವೇ ಎಂದು ಕೇಳಿದ.

“ಮಷೀನು ಬಂದಾಗ ನಮ್ಮ ಕೈ ಹೋದ್ವು. ಈಗ ದನಿನೂ ಹೋತಲ್ಲ ಅನಿಸ್ತ್ರಿ” ಎಂದು ಆ ದಿನವನ್ನು ನೆನೆಯುತ್ತಾರೆ. “ಮೂರ ವರ್ಷದ ಕೆಳಗ ನನಗೇನ ಇದರ ಗುರುತ ಇರಲಿಲ್ಲ. ಆದ್ರ ಕೈಗಿ ಬಂದಿದ್ದು ಹೋದ್ರ ಭಾಳ ತ್ರಾಸ ಆಗ್ತದ.” ಆ ವಾರ ಕರೀಂಸಾಬರೂ ಬೆಳಗಿನ ರೊಟ್ಟಿ ಮುಟ್ಟಲಿಲ್ಲವಂತೆ. ಬೆಂಗಳೂರಿಗೆ ಕರೆಸಿಕೊಂಡು ಹೊಸ ಮಹಾಕಂಟಕನ ಎದುರು ನಿಲ್ಲಿಸಿದಾಗ, ದನಿಯೇನೋ ಚೆನ್ನಾಗಿತ್ತು, ಜಗಳಾಡಲು ಮಾತ್ರ ಮನಸ್ಸು ಬರಲಿಲ್ಲ ಎನ್ನುತ್ತಾರೆ. “ಅರೆ, ಗುರುತು ಪರಿಚಯ ಇಲ್ಲದ ಮನಷ್ಯಾನ ಸಂಗಾಟ ಎಂಥಾ ದುಶ್ಮನಿ ಮಾಡೋದ್ರಿ?”

ಕಂತು ತೋರಿಸಲು ಗೊತ್ತಾದದ್ದು ಕಮಲಾಪುರದ ಒಂದು ಶಾಲೆ. ಅಲ್ಲಿನ ಶಿಕ್ಷಕಿ ಪಂಚಶೀಲಾ ತಮ್ಮ ಮಕ್ಕಳೆಲ್ಲ ಮಹಾಕಂಟಕನ ಭಕ್ತರು ಎಂದು ಮದಿಹಾಗೆ ಮೊದಲೇ ಬರೆದಿದ್ದರು. ಫೆಬ್ರುವರಿಯ ಒಂದು ಶನಿವಾರ ಬೆಳಗ್ಗೆ ದೊಡ್ಡ ಕೋಣೆಯ ಕಿಟಕಿಗಳಿಗೆ ಚಾದರ ಕಟ್ಟಿ ಕತ್ತಲೆ ಮಾಡಿದರು. ಇನ್ನೂರು ಮಕ್ಕಳು, ಪ್ರತಿಯೊಬ್ಬರ ಕೈಯಲ್ಲೂ ಊರಿನ ಕೆಂಪು ಬಾಳೆಹಣ್ಣು. ವಾಹಿನಿಯ ಶೀಲಾ ಒಂದು ಬದಿಗೆ ಬರೆದುಕೊಳ್ಳಲು ವಹಿ ಹಿಡಿದು ಕೂತರು. ಮಹಾಗಾಂವ ಹತ್ತಿರವೇ ಆದ್ದರಿಂದ ಮದಿಹಾ ಒತ್ತಾಯ ಮಾಡಿ ವಿಮಲಾಬಾಯಿಯನ್ನೂ ಕರೆಸಿದ್ದಳು. ಅವರು ಹಿಂದಿನ ಗೋಡೆಗೆ ಒರಗಿ, ಬಿಸಿಯೂಟದ ಹೆಂಗಸರ ನಡುವೆ ಕೂತರು. ಆ ಹೆಂಗಸರು ಮಧ್ಯಾಹ್ನದ ಬೇಳೆ ತಂದಿಟ್ಟುಕೊಂಡಿದ್ದರು. ಇವರ ಕೈ ತಾನಾಗಿಯೇ ಅದರೊಳಗೆ ಹೋಯಿತು.

ಹೊಸ ಮಹಾಕಂಟಕ ಪರದೆಯ ಮೇಲೆ ಬಂದ, ನಕ್ಕ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಟನ ದನಿ ಒಳ್ಳೆಯದೇ, ಕಂಚಿನ ಹಾಗಿತ್ತು. ಸಂಚು ನಡೆಯಿತು, ಓಡಾಟ ನಡೆಯಿತು, ಮಕ್ಕಳು ಬಾಳೆಹಣ್ಣು ತಿನ್ನುತ್ತ ನೋಡಿದರು. ಗಗನವೀರ ಸಿಕ್ಕಿಬಿದ್ದ. ಅವನನ್ನು ಕಂಬಕ್ಕೆ ಕಟ್ಟಿದರು. ಮಹಾಕಂಟಕ ಅವನ ಹತ್ತಿರ ಬಂದ, ಮೇಲಂಗಿ ಬೀಸಿದ, ಹಾಗೇ ತಿರುಗಿ ಕೆಂಪು ಗುಂಡಿಯ ಕಡೆ ನಡೆದ.

“ಏ!” ಎಂದಿತು ಮುಂದಿನ ಸಾಲಿನ ಒಂದು ಕೂಸು. “ಊಟ ಕೇಳಿಲ್ಲ!”

ಇನ್ನೊಂದು ಎದ್ದು ನಿಂತಿತು. “ಊಟ ಕೇಳೋ!” ಎರಡನೇ ಸಾಲು, ಮೂರನೇ ಸಾಲು, ನೋಡನೋಡುತ್ತ ಇನ್ನೂರು ಗಂಟಲೂ ಒಂದಾದವು: “ಊಟ ಕೇಳು! ಊಟ ಕೇಳು!” ಪರದೆಯ ಮೇಲಿನವನಿಗೆ ಕೇಳಿಸೀತೇ? ಅವನು ಗುಂಡಿಯತ್ತ ನಡೆಯುತ್ತಲೇ ಇದ್ದ. ಗಗನವೀರ ಹಸಿದುಕೊಂಡೇ ಇದ್ದಾನಲ್ಲ ಎಂದು ಒಂದು ಸಣ್ಣ ಹುಡುಗಿ ಅಳಲು ಶುರುಮಾಡಿದಳು. ಪಂಚಶೀಲಾ ಟೀಚರು ಸುಮ್ಮನಾಗಿಸಲು ನೋಡಿದರು, ಆಗಲಿಲ್ಲ.

ಆ ಅಳು ಹಿಂದಿನ ಗೋಡೆಯವರೆಗೆ ಬಂತು. ವಿಮಲಾಬಾಯಿ ಏನನ್ನೂ ಯೋಚಿಸಲಿಲ್ಲವಂತೆ. ಬೇಳೆಯಲ್ಲಿ ಬೆರಳಾಡಿಸುತ್ತ ಕೂತಲ್ಲಿಂದಲೇ, ಮಿಲ್ಲಿನ ಮಷೀನನ್ನೆಲ್ಲ ಮೀರಿಸಿ ಪಳಗಿದ ಆ ಗಂಟಲು ತೆರೆದರು: “ಏ ಗಗನವೀರಾ! ಉಂಡಿಯೇನೋ?”

ಇನ್ನೂರು ತಲೆ ಒಟ್ಟಿಗೆ ಹಿಂದಕ್ಕೆ ತಿರುಗಿದವು. ಅಲ್ಲಿ ಆರಡಿಯ ಖಳನಿರಲಿಲ್ಲ. ಕನ್ನಡಕದ ಕುಳ್ಳ ಹೆಂಗಸೊಬ್ಬರು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ, ಮದಿಹಾಳೊಂದಿಗೆ ಬಂದು ಬಾಗಿಲ ಬಳಿ ನಿಂತಿದ್ದ ಕರೀಂಸಾಬರು ಎದೆಯುಬ್ಬಿಸಿ, ಗಗನವೀರನ ದನಿಯಲ್ಲಿ ಕೂಗಿದರು: “ಇಲ್ಲೋ ದುಷ್ಟಾ! ವಾರಾತು, ಬಾಯಿಗಿ ರೊಟ್ಟಿ ಹತ್ತವಲ್ದು!” ಆಮೇಲೆ ಎದ್ದ ಕೇಕೆ ಬಸ್‌ಸ್ಟ್ಯಾಂಡಿನವರೆಗೆ ಕೇಳಿಸಿತೆಂದು ಊರಿನವರು ಈಗಲೂ ಹೇಳುತ್ತಾರೆ. ಪರದೆಯ ಮೇಲೆ ಲೋಕ ಉಳಿಯಿತೋ ಮುಳುಗಿತೋ ಯಾರೂ ನೋಡಲಿಲ್ಲ. ಮಕ್ಕಳು ವಿಮಲಾಬಾಯಿಯನ್ನು ಸುತ್ತುವರಿದಿದ್ದರು. ಅಳುತ್ತಿದ್ದ ಹುಡುಗಿ ಅವರ ಸೆರಗು ಮುಟ್ಟಿ, “ಮಹಾಕಂಟಕ ನೀವೇನ್ರಿ? ಗಂಡಸ ಅಲ್ರಿ?” ಎಂದು ಕೇಳಿದಳು.

“ಹೌದವ್ವಾ, ನಾನೇ. ಗಂಡು ಹೆಣ್ಣು ಹ್ಯಾಂಗರೆ ಇರಲಿ, ಹಸಿವಿ ಎಲ್ಲಾರಿಗೂ ಒಂದೇ ಅದ. ನಿನ್ನ ಬಾಳಿಹಣ್ಣ ಯಾಕ ಹಂಗೇ ಅದ? ತಿನ್ನು” ಎಂದರು ವಿಮಲಾಬಾಯಿ. ಹುಡುಗಿ ಎರಡೇ ತುತ್ತಿಗೆ ತಿಂದು ಮುಗಿಸಿದಳು.

ಶೀಲಾ ವಹಿಯಲ್ಲಿ ಏನನ್ನೂ ಬರೆಯಲಿಲ್ಲ. ಮುಚ್ಚಿ ಚೀಲಕ್ಕೆ ಹಾಕಿಕೊಂಡು ಮದಿಹಾಳ ಬಳಿ ಬಂದು, “ಊಟದ ಪ್ರಶ್ನೆ ವಾಪಸ್ ಹಾಕಿಬಿಡಿ. ಕೇಳುವವರನ್ನೂ” ಎಂದರು. ತಪ್ಪು ಒಪ್ಪಿಕೊಳ್ಳಲು ಅವರು ಒಂದು ಕ್ಷಣವೂ ಮೀನಮೇಷ ಎಣಿಸಲಿಲ್ಲ, ಅಷ್ಟರಮಟ್ಟಿಗೆ ದೊಡ್ಡವರೇ. ಆಮೇಲೆ ಬಿಸಿಯೂಟಕ್ಕೆ ಮಕ್ಕಳ ಸಾಲಿನಲ್ಲಿ ಕೂತು ಎರಡು ಸಲ ಸಾರು ಹಾಕಿಸಿಕೊಂಡರಂತೆ.

ಈಗ ಟೀವಿಯಲ್ಲಿ ಬರುವ ‘ಖಳರ ಖಾನಾವಳಿ’ಯಲ್ಲಿ ಕಂತಿನ ಮೊದಲಿಗೇ, ಓದಲು ಬರುವಷ್ಟು ಹೊತ್ತು, ಒಂದು ಸಾಲು ನಿಲ್ಲುತ್ತದೆ: ಮಹಾಕಂಟಕ, ವಿಮಲಾಬಾಯಿ, ಮಹಾಗಾಂವ. ಊರಲ್ಲಿ ಅದನ್ನು ಮೊದಲು ನೋಡಿದವರು ಅಣವೀರಪ್ಪ. ನೋಡಿ, ಈ ವರ್ಷದ ಪಾಲಿನ ಮಾತನ್ನು ಖರ್ಚು ಮಾಡಿದರು: “ಊರ ಹೆಸರು ಹಾಕ್ಯಾರಲ್ಲ, ಚಲೋ ಆತು.” ಟೆಂಪೊದ ಹಾಲಿನವನು ಈಗ ಮುಂದಿನ ಸೀಟನ್ನು ಒರೆಸಿ ಕೊಡುತ್ತಾನೆ. ಗದರಿಸಿಕೊಂಡದ್ದನ್ನು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾನೆ.

ಗೋದಾಮಿನಲ್ಲಿ ಈಗ ಎಂಟಕ್ಕೆ ಹತ್ತು ನಿಮಿಷ. ಸೂರ್ಯನಿಗೆ ಕೀಲಿ ಹಾಕುವ ಸಂಚು ಇವತ್ತಿಗೂ ಫಲಿಸಿಲ್ಲ. ಗಗನವೀರ ಕೈ ತೊಳೆಯಲು ಹೋಗಿದ್ದಾನೆ. ಕರೀಂಸಾಬರು ಮೂಲೆಯಲ್ಲಿ ಕೂತು ನಿಜವಾದ ರೊಟ್ಟಿ ಮುರಿಯುತ್ತಿದ್ದಾರೆ. ಮದಿಹಾ ಐವತ್ತನೇ ಕಂತಿನ ಹಾಳೆ ಹರಡಿಕೊಂಡು ತಲೆ ಕೆರೆದುಕೊಳ್ಳುತ್ತಿದ್ದಾಳೆ. ಕೊನೆಯ ಕಂತು, ಕತೆ ಎಲ್ಲಿಗಾದರೂ ಮುಟ್ಟಬೇಕು. ಪದ್ಧತಿಯ ಪ್ರಕಾರ ಖಳ ಸೋಲಬೇಕು, ಇಲ್ಲವೇ ಒಳ್ಳೆಯವನಾಗಬೇಕು. ಮದಿಹಾಗೆ ಎರಡೂ ಒಗ್ಗುತ್ತಿಲ್ಲ.

“ಮೌಶಿ, ನಿಮಗೇನ ಆಗಬೇಕು ಅನಸ್ತದ, ಹೇಳ್ರಿ” ಎನ್ನುತ್ತಾಳೆ.

ವಿಮಲಾಬಾಯಿ ಮೊರವನ್ನು ಒಮ್ಮೆ ಕೇರಿ, ಉಳಿದ ಒಂದು ಹರಳನ್ನು ಆರಿಸಿ ಹೊರಗೆಸೆಯುತ್ತಾರೆ. ಉತ್ತರಕ್ಕಾಗಿ ಯೋಚಿಸುವುದಿಲ್ಲ. ಟೆಂಪೊದಲ್ಲೇ ಯೋಚಿಸಿಕೊಂಡು ಬಂದಿರಬೇಕು.

“ನಂದೊಂದ ಆಸೆ ಅದ ಬೇಟಾ. ಆ ಕೆಂಪು ಗುಂಡಿ ಒಮ್ಮಿ ಒತ್ತಲಿ ಅಂವ. ಪಾಪ, ನಲವತ್ತೊಂಬತ್ತ ಸಲ ಬೆರಳ ಅದರ ತನಕ ಹೋಗಿ ಬಂದದ. ಆದ್ರ ಒತ್ತಿದ್ರ ಲೋಕ ಮುಳುಗಬಾರದು. ಊಟದ ಗಂಟಿ ಹೊಡೀಬೇಕು. ಇಡೀ ಲೋಕಕ್ಕ ಕೇಳೂ ಹಂಗ.”

ಹೊರಗೆ ಮಿಲ್ಲಿನ ಭೋಂಗಾ ಕೂಗುತ್ತದೆ. ಅವರು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊರ ಬಗಲಲ್ಲಿ ಹಿಡಿದು ಬಾಗಿಲವರೆಗೆ ಹೋಗಿ, ಏನೋ ನೆನಪಾಗಿ ತಿರುಗುತ್ತಾರೆ.

“ಮತ್ತ ಗಗನವೀರಗ ಮೊದಲನೇ ಪಂಕ್ತಿಗಿ ಕುಂದ್ರಸು ಬೇಟಾ. ಭಾಳ ದಿನದ ಗಿರಾಕಿ ಅಂವ.”